ಫ್ರೀ ಸೀಟಿನವರ ಮಕ್ಕಳು

ತಮ್ಮ: ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು ಅಕ್ಕ. ಒಂದು ಕಡೆ ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ರಟ್ಗರ್ಸ್‌ನ ಆನರ್ಸ್ ಕಾಲೇಜು, ಇನ್ನೊಂದು ಕಡೆ ಮ್ಯಾನ್‌ಹಟನ್‌ನ ಆ ಖಾಸಗಿ ಯೂನಿವರ್ಸಿಟಿ. ಮಗಳಿಗೆ ಮ್ಯಾನ್‌ಹಟನ್ ಬೇಕು. ಅವಳಮ್ಮ ಲೆಕ್ಕದ ಹಾಳೆ ಹಿಡ್ಕೊಂಡು ಕೂತಿದ್ದಾಳೆ. ನನಗೆ ಇಬ್ಬರದೂ ಸರಿ ಅನ್ಸುತ್ತೆ.

ಅಕ್ಕ: ಹಾಳೆಯಲ್ಲಿ ಏನಿದೆ?

ತಮ್ಮ: ನ್ಯೂಜೆರ್ಸಿಯವರಿಗೆ ರಟ್ಗರ್ಸ್ ಫೀಸು ವರ್ಷಕ್ಕೆ 18 ಸಾವಿರ ಡಾಲರಿನ ಆಸುಪಾಸು. ಹಾಸ್ಟೆಲು, ಊಟ ಸೇರಿದ್ರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಆ ಇನ್ನೊಂದು ಕಡೆ ಎಲ್ಲಾ ಸೇರಿ 90 ಸಾವಿರ ದಾಟುತ್ತೆ. ನಾಲ್ಕು ವರ್ಷಕ್ಕೆ ನೀನೇ ಗುಣಿಸು.

ಅಕ್ಕ: ಗುಣಿಸೋದು ನನಗೆ ಕಷ್ಟವಿಲ್ಲ. ಕಟ್ಟೋದು ನಿನಗೆ ಕಷ್ಟಾನಾ?

ತಮ್ಮ: ಕಟ್ಟಬಹುದು. ಅವಳು ಹುಟ್ಟಿದ ವರ್ಷವೇ ಕಾಲೇಜು ಖರ್ಚಿಗೆ ಅಂತ 529 ಉಳಿತಾಯ ಅಕೌಂಟ್ ತೆಗೆದಿದ್ದೆ, ಅದರಲ್ಲಿ ಒಂದಷ್ಟಿದೆ. ಮಿಕ್ಕಿದ್ದಕ್ಕೆ ಮನೆ ಮೇಲೆ ಸಾಲ ತೆಗೀಬಹುದು. ಏಡ್ ಅಂತ ಸಹಾಯಧನವಂತೂ ಒಂದು ಪೈಸೆ ಹುಟ್ಟಲ್ಲ. ಅದಕ್ಕೆ ಹಾಕೋ ಫಾಫ್ಸಾ ಫಾರ್ಮಿನಲ್ಲಿ ಕೆಂಗೇರಿ ಸೈಟನ್ನೂ ಡಾಲರಲ್ಲಿ ಬರೆಯಬೇಕು, ಗೊತ್ತಾ? ಇಲ್ಲಿರೋ ವಾಸದ ಮನೆ ಅದರಲ್ಲಿ ಲೆಕ್ಕಕ್ಕಿಲ್ಲ, ಅಪ್ಪ ಕೊಡಿಸಿದ 30x40 ಸೈಟು ಲೆಕ್ಕಕ್ಕಿದೆ! ಹಿಂದೆ ಮನೆಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಲ್ಲಿದ್ರೆ ಸ್ವಲ್ಪ ರಿಯಾಯಿತಿ ಸಿಗ್ತಿತ್ತು. 2024ರ ಹೊಸ ಲೆಕ್ಕದಲ್ಲಿ ಅದನ್ನೂ ತೆಗೆದುಹಾಕಿದ್ರು. ನಮ್ಮಂಥ ಮಧ್ಯಮ ವರ್ಗದವರಿಗೆ ಎಲ್ಲಾ ಕಡೆಯಿಂದಲೂ ಏಟು.

ಅಕ್ಕ: ತಡಿ ತಡಿ. ನೀನು ಯಾವ ಮಧ್ಯಮ ವರ್ಗ?

ತಮ್ಮ: ಅಂದ್ರೆ? ನಾನೇನು ಅಂಬಾನೀನಾ?

ಅಕ್ಕ: ನ್ಯೂಜೆರ್ಸಿಯ ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ, ಸರಿಯಾಗಿ ನಡುವೆ ನಿಲ್ಲೋ ಮನೆಯ ಆದಾಯ ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್. ಅಮೆರಿಕದ ಭಾರತೀಯರನ್ನ ಮಾತ್ರ ನಿಲ್ಲಿಸಿದ್ರೆ ನಡುವಿನ ಮನೆಗೆ ಸುಮಾರು ಒಂದೂವರೆ ಲಕ್ಷ. ಗಂಡ ಹೆಂಡತಿ ಇಬ್ಬರೂ ಐಟಿ, ನಿಮ್ಮದು ಅದರ ಎರಡರಷ್ಟು. ಪ್ಲೇನ್ಸ್‌ಬರೋದಲ್ಲಿ ಸುತ್ತಮುತ್ತ ಎಲ್ಲರೂ ನಿಮ್ಮ ಹಾಗೇ ಇರೋದ್ರಿಂದ ನಡುವೆ ಇದ್ದೀವಿ ಅನ್ಸುತ್ತೆ, ಅಷ್ಟೇ. ಫ್ಲಶಿಂಗ್‌ನಲ್ಲಿ ನಮ್ಮ ಬಿಲ್ಡಿಂಗಿಗೆ ಬಂದು ಈ ಮಾತು ಹೇಳು.

ತಮ್ಮ: ಸರಿ, ಬಿಡು. ಮೇಲ್ಮಧ್ಯಮ ಅಂತಿಟ್ಕೋ. ಆದ್ರೂ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ.

ಅಕ್ಕ: ಇಲ್ಲಿ ಹಾಸಿಗೆ ಅಳೆಯೋದು ನೀನಲ್ಲ, ಕಾಲೇಜಿನವರು. ನಿನ್ನ ಟ್ಯಾಕ್ಸ್ ರಿಟರ್ನ್ ತರಿಸ್ಕೊಂಡು, ಇಷ್ಟು ಕೊಡೋ ಶಕ್ತಿ ನಿನಗಿದೆ ಅಂತ ಅವರೇ ತೀರ್ಮಾನ ಮಾಡಿ ಬಿಲ್ ಕಳಿಸ್ತಾರೆ. ನಿಮ್ಮ ಮನೆಯಿಂದ ಮೂರು ಮೈಲಿ ದೂರದಲ್ಲಿರೋ ಪ್ರಿನ್ಸ್‌ಟನ್ ಏನು ಮಾಡ್ತಿದೆ ನೋಡು. 2001ರಲ್ಲೇ ಅವರು ಏಡ್ ಪ್ಯಾಕೇಜಿನಿಂದ ಸಾಲ ತೆಗೆದುಹಾಕಿದ್ರು, ಕೊಡೋದೆಲ್ಲ ಗ್ರ್ಯಾಂಟ್. 2025ರ ಆಗಸ್ಟ್‌ನಲ್ಲಿ ಇನ್ನೂ ಮುಂದೆ ಹೋದ್ರು. ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಒಳಗಿರೋ ಬಹುತೇಕ ಮನೆಯವರು ಫೀಸು, ಊಟ, ರೂಮು ಯಾವುದಕ್ಕೂ ಕಟ್ಟೋ ಹಾಗಿಲ್ಲ. ಎರಡೂವರೆ ಲಕ್ಷದೊಳಗಿನ ಬಹುತೇಕರಿಗೆ ಟ್ಯೂಷನ್ ಇಲ್ಲ. 3,400 ಕೋಟಿ ಡಾಲರಿಗೂ ಮೀರಿದ ದತ್ತಿ ನಿಧಿ ಇಟ್ಕೊಂಡಿದ್ದಾರೆ, ಓದೋ ಪದವಿ ಮಕ್ಕಳು ಆರು ಸಾವಿರದ ಒಳಗೆ. ಅವರಿಗೆ ಅದು ದೊಡ್ಡದಲ್ಲ.

ತಮ್ಮ: ಹಾಗಾದ್ರೆ ನ್ಯೂಜೆರ್ಸಿಯ ಸಾಧಾರಣ ಮನೆಯವರಿಗೆ ರಟ್ಗರ್ಸ್‌ಗಿಂತ ಪ್ರಿನ್ಸ್‌ಟನ್ನೇ ಅಗ್ಗ ಅಂದ ಹಾಗಾಯ್ತು.

ಅಕ್ಕ: ಎಷ್ಟೋ ಮನೆಗಳಿಗೆ ಅಗ್ಗವೇ. ಒಂದೇ ನಾರ್ತ್‌ಈಸ್ಟ್ ಕಾರಿಡಾರ್ ಲೈನು. ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಇಳಿದು ಡಿಂಕಿ ಅನ್ನೋ ಆ ಪುಟ್ಟ ರೈಲು ಹತ್ತಿದ್ರೆ ಒಂದು ಕಾಲೇಜು, ಅಲ್ಲೇ ಕೂತಿದ್ರೆ ಸ್ವಲ್ಪ ಹೊತ್ತಿಗೆ ನ್ಯೂ ಬ್ರನ್ಸ್‌ವಿಕ್, ಇನ್ನೊಂದು ಕಾಲೇಜು. ಆದ್ರೆ ಡಿಂಕಿ ಹತ್ತೋರು ಯಾರು? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತೆ ಅವರ ಜೊತೆಗಾರರು 2017ರಲ್ಲಿ ಟ್ಯಾಕ್ಸ್ ದಾಖಲೆ ಇಟ್ಕೊಂಡು ಲೆಕ್ಕ ಹಾಕಿದಾಗ, ದೇಶದ ಅತಿ ಶ್ರೀಮಂತ ಶೇ 1ರ ಮನೆಗಳಿಂದ ಬಂದ ಮಕ್ಕಳು ಪ್ರಿನ್ಸ್‌ಟನ್‌ನಲ್ಲಿ ಶೇ 17 ಇದ್ರು. ಕೆಳಗಿನ ಶೇ 60 ಮನೆಗಳೆಲ್ಲ ಸೇರಿ ಬಂದೋರು ಶೇ 14. ಹಾಗೆ ಮೇಲಿನ ಒಂದಂಶ ಕೆಳಗಿನ ಅರವತ್ತನ್ನ ಮೀರಿಸಿದ ಕಾಲೇಜು ದೇಶದಲ್ಲಿ 38 ಇದ್ವು.

ತಮ್ಮ: ಬಡವರ ಮಕ್ಕಳಿಗೆ ಅಷ್ಟು ಅಂಕ ಬರಲ್ವೇನೋ.

ಅಕ್ಕ: ಬರುತ್ತೆ, ಅರ್ಜಿ ಹಾಕಲ್ಲ. ಕ್ಯಾರೊಲೀನ್ ಹಾಕ್ಸ್‌ಬಿ, ಕ್ರಿಸ್ಟೋಫರ್ ಏವರಿ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಹುಡುಕಿ ತೆಗೆದ್ರು. ಕಡಿಮೆ ಆದಾಯದ ಮನೆಗಳ ಅತಿ ಚುರುಕಿನ ಮಕ್ಕಳಲ್ಲಿ ಹೆಚ್ಚಿನವರು ಆ ದೊಡ್ಡ ಹೆಸರಿನ ಒಂದು ಕಾಲೇಜಿಗೂ ಅರ್ಜಿ ಹಾಕಲ್ಲ. ಹಾಕಿದ್ರೆ ಬಿಟ್ಟಿ ಓದಬಹುದು ಅನ್ನೋದನ್ನ ಹೇಳೋರೇ ಅವರ ಸುತ್ತ ಇರಲ್ಲ. ನಮ್ಮನೇದನ್ನೇ ತಗೋ. ನಿನ್ನ ಸೋದರಳಿಯನಿಗೆ ಸಿಟಿ ಕಾಲೇಜು ಅಂತ ನಾವು ಯಾವತ್ತೂ ಕೂತು ತೀರ್ಮಾನ ಮಾಡಿದ್ದಲ್ಲ. ಮನೆಯಿಂದ ಹೋಗಿ ಬರಬಹುದಾ, ನ್ಯೂಯಾರ್ಕ್ ರಾಜ್ಯದ ಟ್ಯಾಪ್ ಗ್ರ್ಯಾಂಟ್ ಸಿಗುತ್ತಾ, ಇಂಜಿನಿಯರಿಂಗ್ ಇದೆಯಾ, ಈ ಮೂರೇ ಪ್ರಶ್ನೆ. ಬೆಳಿಗ್ಗೆ ಆರೂವರೆಗೆ ಫ್ಲಶಿಂಗ್‌ನಲ್ಲಿ 7 ನಂಬರ್ ರೈಲು ಹತ್ತಿ, ಟೈಮ್ಸ್ ಸ್ಕ್ವೇರಲ್ಲಿ 1ಕ್ಕೆ ಬದಲಾಯಿಸಿ, 137ನೇ ಬೀದಿಯಲ್ಲಿ ಇಳಿದು ಗುಡ್ಡ ಹತ್ತೋನು. ಡಬ್ಬಿಯಲ್ಲಿ ಚಿತ್ರಾನ್ನ. ರೈಲಿನಲ್ಲೇ ಥರ್ಮೋಡೈನಮಿಕ್ಸ್ ಓದಿ ಮುಗಿಸಿದ. ಕಾಲೇಜು ನೋಡೋಕೆ ಅಂತ ಬೇಸಿಗೆ ರಜೆಯಲ್ಲಿ ಊರೂರು ಸುತ್ತೋ ಪದ್ಧತಿ ಇದೆ ಅಂತ ನನಗೆ ಗೊತ್ತಾಗಿದ್ದು ನಿಮ್ಮನ್ನ ನೋಡಿ.

ತಮ್ಮ: ಸಿಟಿ ಕಾಲೇಜಿಗೇನು ಕಮ್ಮಿ ಅಕ್ಕ, ಹೆಸರಿದೆ.

ಅಕ್ಕ: ಇದೆ ಅಂತ ನೀನು ಸಮಾಧಾನಕ್ಕೆ ಹೇಳ್ತಿದ್ದೀಯ, ಆದ್ರೆ ನಿಜವಾಗ್ಲೂ ಇದೆ. 1847ರಲ್ಲಿ ಫ್ರೀ ಅಕಾಡೆಮಿ ಅಂತ ಶುರು ಮಾಡಿದ್ದು, ಹೆಸರಿಗೆ ತಕ್ಕ ಹಾಗೆ ಫೀಸಿಲ್ಲದೆ. 1920ರ ದಶಕದಲ್ಲಿ ಕೊಲಂಬಿಯಾ ಯಹೂದಿ ಹುಡುಗರು ಜಾಸ್ತಿಯಾದ್ರು ಅಂತ ಬಾಗಿಲು ಅರ್ಧ ಮುಚ್ಚಿತ್ತು. ಆ ದರ್ಜಿಗಳ ಮಕ್ಕಳು, ತಳ್ಳುಗಾಡಿಯವರ ಮಕ್ಕಳೆಲ್ಲ ಹಾರ್ಲೆಮ್ಮಿನ ಈ ಗುಡ್ಡಕ್ಕೆ ಬಂದ್ರು. ಪೋಲಿಯೊ ಲಸಿಕೆಯ ಜೋನಸ್ ಸಾಲ್ಕ್ 1934ರ ಪದವೀಧರ. ಹಂಗೆರಿಯಿಂದ ಓಡಿಬಂದು ಆಮೇಲೆ ಇಂಟೆಲ್ ನಡೆಸಿದ ಆಂಡಿ ಗ್ರೋವ್ 1960ರವರು. 1976ರಲ್ಲಿ ನಗರ ದಿವಾಳಿ ಅಂಚಿಗೆ ಬಂದಾಗ ಮೊದಲ ಸಲ ಟ್ಯೂಷನ್ ಹಾಕಿದ್ರು. ಈಗಲೂ ನ್ಯೂಯಾರ್ಕಿನವರಿಗೆ ವರ್ಷಕ್ಕೆ 7 ಸಾವಿರದ ಆಸುಪಾಸು. ಅದೇ 2017ರ ಅಧ್ಯಯನದ ಅಂಕಿಯಲ್ಲಿ, ಬಡ ಮನೆಯ ಮಕ್ಕಳನ್ನ ಮಧ್ಯಮ ವರ್ಗಕ್ಕೆ ಮತ್ತು ಅದರಾಚೆಗೆ ದಾಟಿಸೋದ್ರಲ್ಲಿ ಸಿಟಿ ಕಾಲೇಜು ಸೇರಿರೋ ಸಿಟಿ ಯೂನಿವರ್ಸಿಟಿಯ ಕಾಲೇಜುಗಳ ಎದುರು ಎಂಟು ಐವಿ ಲೀಗ್, ಅದರ ಮೇಲೆ ಡ್ಯೂಕ್, ಎಂಐಟಿ, ಸ್ಟ್ಯಾನ್‌ಫರ್ಡ್, ಶಿಕಾಗೋ ಎಲ್ಲ ಸೇರಿದ್ರೂ ಸುಮಾರು ಆರರಲ್ಲಿ ಒಂದು ಪಾಲು.

ತಮ್ಮ: ಆದ್ರೆ ನಾನು ಕೇಳ್ತಿರೋದು ಬೇರೆ. ನನ್ನ ಮಗಳು ಆಗಲೇ ದಾಟಿದ ಮನೆಯಲ್ಲಿ ಹುಟ್ಟಿದ್ದಾಳೆ. ಅವಳಿಗೆ ಯಾವುದು ಒಳ್ಳೇದು?

ಅಕ್ಕ: ನೀನು ಓದಿದ್ದು ಹೇಗೆ ಹೇಳು ಮೊದಲು.

ತಮ್ಮ: ಅದು ನಿನಗೆ ಗೊತ್ತಿಲ್ವಾ? ಸಿಇಟಿ ಬರೆದು ಫ್ರೀ ಸೀಟು.

ಅಕ್ಕ: ಹ್ಞೂಂ. 1993ರಲ್ಲಿ ಉನ್ನಿಕೃಷ್ಣನ್ ಕೇಸಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜಿನ ಸೀಟನ್ನ ಅರ್ಧ ಫ್ರೀ, ಅರ್ಧ ಪೇಮೆಂಟ್ ಅಂತ ಹಂಚಿತು. ಮರುವರ್ಷ ಕರ್ನಾಟಕದಲ್ಲಿ ಸಿಇಟಿ ಬಂತು. ಅದಕ್ಕೆ ಮುಂಚೆ ಕ್ಯಾಪಿಟೇಷನ್ ಇಲ್ಲದೆ ಖಾಸಗಿ ಕಾಲೇಜಿಗೆ ಹೋಗೋರು ಅಪರೂಪ, 1984ರಲ್ಲೇ ಅದನ್ನ ನಿಷೇಧಿಸಿ ಕಾನೂನು ಬಂದಿದ್ರೂ. ಅಪ್ಪನ ಮೇಷ್ಟ್ರ ಸಂಬಳದಲ್ಲಿ ನಿನ್ನ ಇಂಜಿನಿಯರಿಂಗ್ ಆಗಿದ್ದು ಆ ತೀರ್ಪಿನ ದಯದಿಂದ. ನನ್ನ ಕಾಲಕ್ಕೆ ಅದಿರಲಿಲ್ಲ, ಬಿ.ಕಾಂ ಮಾಡಿದೆ. ನಾನು ಇಲ್ಲಿ ಆಸ್ಪತ್ರೆ ಬಿಲ್ಲಿಂಗ್‌ನಲ್ಲಿ, ನೀನು ಐಟಿ ಕಂಪೆನಿಯ ಡೈರೆಕ್ಟರು. ಒಂದೇ ಮನೆಯ ಮಕ್ಕಳು.

ತಮ್ಮ: ಅಕ್ಕ...

ಅಕ್ಕ: ಬೇಜಾರಿಗೆ ಹೇಳಿದ್ದಲ್ಲ ಕಣೋ. ನೀವು ಇಂಜಿನಿಯರಿಂಗಿಗೆ ಹೋದಾಗ ಕ್ಲಾಸಲ್ಲಿ ಪೇಮೆಂಟ್ ಸೀಟಿನವರು ಯಾರು ಅಂತ ಗೊತ್ತಿತ್ತಾ?

ತಮ್ಮ: ಎಲ್ಲರಿಗೂ ಗೊತ್ತಿತ್ತು! ಮೊದಲ ವಾರದಲ್ಲೇ. ರ‍್ಯಾಂಕ್ ಎಷ್ಟು ಅಂತ ಕೇಳಿದ್ರೆ ಅವರು ಮಾತು ಬದಲಾಯಿಸೋರು. ಹಾಸ್ಟೆಲ್ಲಿನಲ್ಲಿ ನಮಗೆ ಅದೊಂದೇ ಕೊಂಬು. ಅವರ ಹತ್ರ ಯಮಹಾ ಬೈಕು, ನಮ್ಮ ಹತ್ರ ರ‍್ಯಾಂಕು. ಸರ್ಕಾರಿ ಕಾಲೇಜು ಅಂದ್ರೆ ಬುದ್ಧಿವಂತರ ಜಾಗ, ಖಾಸಗಿ ಮ್ಯಾನೇಜ್‌ಮೆಂಟ್ ಸೀಟು ಅಂದ್ರೆ ದುಡ್ಡಿನವರದು. ಕೆ.ಆರ್. ಸರ್ಕಲ್ಲಿನ ಯುವಿಸಿಇ ಸಿಕ್ಕಿದ್ರೆ ಊರಲ್ಲಿ ಪೇಡ ಹಂಚ್ತಿದ್ರು.

ಅಕ್ಕ: ಅದನ್ನೇ ನಾನು ಹೇಳೋಕೆ ಹೊರಟಿದ್ದು. ಇಲ್ಲಿ ಆ ಎರಡು ಸೀಟನ್ನ ಬೆರೆಸಿಬಿಟ್ಟಿದ್ದಾರೆ. ಬುದ್ಧಿಯೂ ಅದೇ ಗೇಟಿನಲ್ಲಿ ಹೋಗುತ್ತೆ, ದುಡ್ಡೂ ಅದೇ ಗೇಟಿನಲ್ಲಿ ಹೋಗುತ್ತೆ, ಒಳಗೆ ಹೋದ ಮೇಲೆ ಎಲ್ಲರ ಸ್ವೆಟ್‌ಶರ್ಟೂ ಒಂದೇ. ಯಾರದು ಫ್ರೀ ಸೀಟು, ಯಾರದು ಪೇಮೆಂಟ್ ಅಂತ ಹೊರಗಿನವರಿಗೆ ತಿಳಿಯಲ್ಲ. ದುಡ್ಡಿದ್ದವರಿಗೆ ಅದರ ಬೆಲೆಯೇ ಅಷ್ಟು. ಕೊಂಡ ಸೀಟಿಗೂ ಗೆದ್ದ ಸೀಟಿನ ಹೆಸರು ಬರುತ್ತೆ.

ತಮ್ಮ: ಇದು ಸ್ವಲ್ಪ ಜಾಸ್ತಿಯಾಯ್ತು. ನಮ್ಮ ಮಕ್ಕಳು ಹಗಲೂ ರಾತ್ರಿ ಓದ್ತಾರೆ. ಸ್ಯಾಟ್ ಅಂಕ ಯಾರೂ ಕೊಂಡುಕೊಳ್ಳೋಕಾಗಲ್ಲ.

ಅಕ್ಕ: ಓದ್ತಾರೆ, ಇಲ್ಲ ಅನ್ನಲ್ಲ. ಚೆಟ್ಟಿ ತಂಡ 2023ರಲ್ಲಿ ಅದನ್ನೂ ನೋಡಿತು. ಒಂದೇ ಅಂಕ ತೆಗೆದ ಮಕ್ಕಳನ್ನ ಹೋಲಿಸಿದ್ರೆ, ಐವಿ ಮತ್ತು ಆ ದರ್ಜೆಯ ಕಾಲೇಜಿಗೆ ಸೇರೋ ಸಾಧ್ಯತೆ ಮೇಲಿನ ಶೇ 1ರ ಮನೆಯವರಿಗೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಅಪ್ಪ ಅಮ್ಮ ಅಲ್ಲೇ ಓದಿದ್ರೆ ಮಕ್ಕಳಿಗೆ ಕೊಡೋ ಲೆಗಸಿ ರಿಯಾಯಿತಿ ಒಂದು ಕಾರಣ. ಪಠ್ಯೇತರ ಚಟುವಟಿಕೆಗೆ ಕೊಡೋ ಅಂಕ, ಕತ್ತಿವರಸೆ, ದೋಣಿ ಹುಟ್ಟು ಹಾಕೋ ಥರದ ಆಟದ ಕೋಟಾ ಮಿಕ್ಕಿದ್ದು. ರಾಜ್ಯಗಳ ಪ್ರಮುಖ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಈ ಅಂತರ ಕಾಣಲಿಲ್ಲ. ಅಲ್ಲಿ ಶ್ರೀಮಂತನ ಮಗನಿಗೂ ನಮ್ಮೋನಿಗೂ ಒಂದೇ ಅಳತೆ.

ತಮ್ಮ: ನಮಗೆ ಲೆಗಸಿ ಎಲ್ಲಿಂದ ಬರಬೇಕು? ನಾನು ಓದಿದ್ದು ಬೆಂಗಳೂರಿನಲ್ಲಿ.

ಅಕ್ಕ: ನಿನಗಿಲ್ಲ. ಅದಕ್ಕೇ ನೀನು ಬೇರೆ ಕಡೆ ಸುರಿದೆ. ಎಂಟನೇ ಕ್ಲಾಸಿನಿಂದ ಗಣಿತದ ಟ್ಯೂಷನ್, ಡಿಬೇಟ್ ಕ್ಯಾಂಪು, ಪ್ರಬಂಧ ತಿದ್ದೋಕೆ ಕನ್ಸಲ್ಟೆಂಟು. ಆ ಮನುಷ್ಯನಿಗೆ ಗಂಟೆಗೆ ಕೊಟ್ಟಿದ್ದು ನನ್ನ ಒಂದು ದಿನದ ಸಂಬಳ. ನಿಮ್ಮ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಶಾಲೆಗಳಲ್ಲೇ 2015ರಲ್ಲಿ ಗಲಾಟೆ ಆಯ್ತಲ್ಲ. ಸೂಪರಿಂಟೆಂಡೆಂಟ್ ಡೇವಿಡ್ ಏಡರ್‌ಹೋಲ್ಡ್ ಹದಿನಾರು ಪುಟದ ಕಾಗದ ಬರೆದು, ಮಕ್ಕಳು ಒತ್ತಡದಲ್ಲಿ ನರಳ್ತಿದ್ದಾರೆ, ಮಿಡ್‌ಟರ್ಮು ಫೈನಲ್ಲು ನಿಲ್ಲಿಸ್ತೀವಿ ಅಂದ್ರು. ವಿರೋಧಿಸಿದವರಲ್ಲಿ ಹೆಚ್ಚಿನವರು ಯಾರು?

ತಮ್ಮ: ನಾವೇ. ಏಷ್ಯಾದವರು. ಆಗ ನನಗೂ ಸಿಟ್ಟು ಬಂದಿತ್ತು. ನಮಗೆ ಇಲ್ಲಿ ಚಿಕ್ಕಪ್ಪ ದೊಡ್ಡಪ್ಪ ಯಾರಿದ್ದಾರೆ ಅಕ್ಕ? ಬಿಳಿಯರ ಮಕ್ಕಳಿಗೆ ಅವರಪ್ಪನ ಗಾಲ್ಫ್ ಗೆಳೆಯ ಇಂಟರ್ನ್‌ಶಿಪ್ ಕೊಡಿಸ್ತಾನೆ. ನಮ್ಮ ಮಕ್ಕಳಿಗೆ ಅಂಕ ಒಂದೇ ದಾರಿ, ಕಾಲೇಜಿನ ಹೆಸರೇ ವಶೀಲಿ. ಅದಕ್ಕೇ ಕಟ್ತೀನಿ ಅಂತಿರೋದು.

ಅಕ್ಕ: ಈ ಮಾತಲ್ಲಿ ಹುರುಳಿದೆ. ಅದೇ 2023ರ ಅಧ್ಯಯನ ಹೇಳೋದೂ ಸುಮಾರು ಇದನ್ನೇ. ಆ ದರ್ಜೆಯ ಕಾಲೇಜಿಗೆ ಹೋದ್ರೆ ಸರಾಸರಿ ಸಂಬಳವೇನೂ ಏರಲ್ಲ. ಆದ್ರೆ ದೇಶದ ಮೇಲಿನ ಶೇ 1ಕ್ಕೆ ತಲುಪೋ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತೆ, ದೊಡ್ಡ ಹೆಸರಿನ ಸಂಸ್ಥೆಯಲ್ಲಿ ಕೆಲಸ ಸಿಗೋ ಸಾಧ್ಯತೆ ಮೂರು ಪಟ್ಟಾಗುತ್ತೆ. ವಾಲ್‌ಸ್ಟ್ರೀಟಿಗೋ ಸುಪ್ರೀಂ ಕೋರ್ಟಿಗೋ ಹೋಗಬೇಕು ಅಂದ್ರೆ ಹೆಸರು ಬೇಕು. ನಿನ್ನ ಮಗಳು ಏನು ಓದ್ತಾಳಂತೆ?

ತಮ್ಮ: ಕಂಪ್ಯೂಟರ್ ಸೈನ್ಸ್.

ಅಕ್ಕ: ಕಂಪ್ಯೂಟರ್ ಸೈನ್ಸಿಗೆ ಮೂರೂವರೆ ಲಕ್ಷ ಡಾಲರ್!

ತಮ್ಮ: ನಗಬೇಡ.

ಅಕ್ಕ: ಇಲ್ಲ, ಮುಂದೆ ಕೇಳು. ಲಿವಿಂಗ್‌ಸ್ಟನ್‌ನಲ್ಲಿ ಬೆಳೆದು ಪ್ರಿನ್ಸ್‌ಟನ್‌ನಲ್ಲೇ ಪಾಠ ಮಾಡ್ತಿದ್ದ ಅಲನ್ ಕ್ರೂಗರ್ ಅಂತ ಅರ್ಥಶಾಸ್ತ್ರಜ್ಞ ಇದ್ರು, 2019ರಲ್ಲಿ ತೀರಿಕೊಂಡ್ರು. ಅವರು ಸ್ಟೇಸಿ ಡೇಲ್ ಜೊತೆ ಸೇರಿ ಒಂದು ಸೊಗಸಾದ ಕೆಲಸ ಮಾಡಿದ್ರು. ದೊಡ್ಡ ಕಾಲೇಜಲ್ಲಿ ಸೀಟು ಸಿಕ್ಕಿ ಅಲ್ಲಿಗೇ ಹೋದವರು ಒಂದು ಕಡೆ, ಅದೇ ಥರದ ಸೀಟು ಸಿಕ್ಕಿದ್ರೂ ಬಿಟ್ಟು ಸಾಧಾರಣ ಕಾಲೇಜಿಗೆ ಹೋದವರು ಇನ್ನೊಂದು ಕಡೆ. ವರ್ಷಗಳ ಮೇಲೆ ನೋಡಿದ್ರೆ ಸಂಬಳ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಕಂಡಿದ್ದು ಯಾರಲ್ಲಿ? ಬಡ ಮನೆಯವರಲ್ಲಿ, ಆಮೇಲೆ ಮಾಡಿದ ಅಧ್ಯಯನದಲ್ಲಿ ಕಪ್ಪು ಜನಾಂಗದವರು, ಹಿಸ್ಪಾನಿಕ್ ಮಕ್ಕಳು, ಅಪ್ಪ ಅಮ್ಮ ಹೆಚ್ಚು ಓದಿಲ್ಲದವರಲ್ಲಿ. ಅವರಿಗೆ ಮಾತ್ರ ಆ ಹೆಸರು ನಿಜವಾಗಿ ಕೆಲಸಕ್ಕೆ ಬಂತು. ಯಾರಿಗೆ ಹೆಚ್ಚು ಪ್ರಯೋಜನವೋ ಅವರು ಅರ್ಜಿ ಹಾಕಲ್ಲ, ಯಾರಿಗೆ ಅಷ್ಟಾಗಿ ಬೇಡವೋ ಅವರು ಮನೆ ಅಡ ಇಟ್ಟು ಹೋಗ್ತಾರೆ.

ತಮ್ಮ: ಅಂದ್ರೆ ಶ್ರೀಮಂತರು ದಡ್ಡರು ಅಂತೀಯಾ?

ಅಕ್ಕ: ಅಲ್ಲ. ನಿಜವಾದ ಶ್ರೀಮಂತ ಅಡ ಇಡಲ್ಲ, ಲೆಕ್ಕವೂ ಹಾಕಲ್ಲ. ಅರ್ಲಿ ಡಿಸಿಷನ್ ನೋಡು. ನವೆಂಬರಲ್ಲಿ ಅರ್ಜಿ ಹಾಕಿ, ಸಿಕ್ಕಿದ್ರೆ ಬಂದೇ ಬರ್ತೀನಿ ಅಂತ ಸಹಿ ಹಾಕಬೇಕು. ಕೊಲಂಬಿಯಾ, ಕಾರ್ನೆಲ್, ಎನ್‌ವೈಯು ಎಲ್ಲಾ ಕಡೆ ಇದೆ. ನಾಲ್ಕು ಕಾಲೇಜಿನ ಏಡ್ ಪತ್ರ ಪಕ್ಕಪಕ್ಕ ಇಟ್ಟು ಹೋಲಿಸಬೇಕಾದ ಮನೆಯವರು ಹಾಗೆ ಸಹಿ ಹಾಕೋಕಾಗುತ್ತಾ? ಬೆಲೆ ಕೇಳದೆ ಕೊಳ್ಳೋ ಶಕ್ತಿ ಇದ್ದವರಿಗೆ ಆ ಸಾಲು ಮೊದಲು ಚಲಿಸುತ್ತೆ. ಅವರ ಕೆಳಗೆ ನೀವು, ಕಟ್ಟೋಕೂ ಆಗುತ್ತೆ, ಉರಿಯೋದೂ ಗೊತ್ತಾಗುತ್ತೆ. ಅದಕ್ಕೇ ನಿಮ್ಮಲ್ಲಿ ಮಾತ್ರ ಇಷ್ಟು ಚರ್ಚೆ. ನಿಮ್ಮ ಕನ್ನಡ ಸಂಘ ಬೃಂದಾವನದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಲ್ಲಿ ನಿಂತಾಗ ನೋಡಿದೀನಲ್ಲ, ಹೋಳಿಗೆ ಹಾಕಿಸ್ಕೊಳ್ಳೋದು ಬಿಟ್ಟು ಎಲ್ಲಿ ಸಿಕ್ತು ಎಲ್ಲಿ ಸಿಕ್ತು ಅಂತ ಅದೇ ಪ್ರಶ್ನೆ.

ತಮ್ಮ: ಅದು ನಿಜ. ರಟ್ಗರ್ಸ್ ಅಂತ ಹೇಳೋವಾಗ ಜೊತೆಗೆ ಆನರ್ಸ್ ಅಂತ ಸೇರಿಸ್ತೀವಿ. ಡಾಕ್ಟರಾಗೋ ಏಳು ವರ್ಷದ ಕೋರ್ಸಾದ್ರೆ ಮಾತ್ರ ಸರ್ಕಾರಿ ಕಾಲೇಜಿನ ಹೆಸರನ್ನ ಜೋರಾಗಿ ಹೇಳ್ತೀವಿ.

ಅಕ್ಕ: ಯಾಕೆ ಸಂಕೋಚ? 1766ರ ಕಾಲೇಜದು, ಅಮೆರಿಕ ಸ್ವತಂತ್ರ ಆಗೋಕೂ ಹತ್ತು ವರ್ಷ ಹಿಂದಿಂದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದು 1943ರಲ್ಲಿ ಅಲ್ಲಿ, ಮಣ್ಣಿನ ಸೂಕ್ಷ್ಮಜೀವಿಗಳನ್ನ ಅಧ್ಯಯನ ಮಾಡೋರ ಪ್ರಯೋಗಾಲಯದಲ್ಲಿ. ಮಿಲ್ಟನ್ ಫ್ರೀಡ್‌ಮನ್ ಪದವಿ ತಗೊಂಡಿದ್ದೂ ಅಲ್ಲೇ, ಬಟ್ಟೆ ಅಂಗಡಿ ಇಟ್ಟಿದ್ದ ವಲಸಿಗರ ಮಗ. ಸರ್ಕಾರಿ ಸೀಟು ಸಿಕ್ಕಿದ್ರೆ ಪೇಡ ಹಂಚ್ತಿದ್ದ ಊರಿಂದ ಬಂದೋರು, ಮೂವತ್ತು ವರ್ಷದಲ್ಲಿ ಸರ್ಕಾರಿ ಅಂದ್ರೆ ಧ್ವನಿ ತಗ್ಗಿಸ್ತೀರಿ. ಪರ್ಸು ದಪ್ಪ ಆದ ಹಾಗೆ ಅಭಿರುಚಿ ಬದಲಾಯ್ತು, ಮಕ್ಕಳು ಅದನ್ನ ತಮ್ಮ ಸ್ವಂತ ಕನಸು ಅಂದ್ಕೊಂಡಿದ್ದಾರೆ.

ತಮ್ಮ: ಹಾಗಾದ್ರೆ ರಟ್ಗರ್ಸ್‌ಗೆ ಕಟ್ಟು ಅಂತೀಯ.

ಅಕ್ಕ: ಮನೆ ಮೇಲೆ ಸಾಲ ಬೇಡ ಅಂತೀನಿ. ಎರಡನೆಯವನಿಗೆ ಇನ್ನು ಮೂರು ವರ್ಷಕ್ಕೆ ಕಾಲೇಜು. 529ರಲ್ಲಿ ಇರೋ ದುಡ್ಡಿನಲ್ಲಿ ಅವಳ ನಾಲ್ಕು ವರ್ಷ ಪೂರ್ತಿ ಆಗುತ್ತೆ, ಮಿಕ್ಕಿದ್ದು ಅವನಿಗೋ ಅವಳ ಎಂಎಸ್‌ಗೋ ಇರುತ್ತೆ. ಅವಳು ಅಳ್ತಾಳೆ, ಅಳಲಿ. ಹೇಗಿದ್ರೂ ಚೆನ್ನಾಗೇ ಇರ್ತಾಳೆ. ನಿಮ್ಮ ಮನೇಲಿ ಹುಟ್ಟಿದ್ದೇ ಅವಳಿಗೆ ದೊಡ್ಡ ಅಡ್ಮಿಷನ್.

ತಮ್ಮ: ಅವಳಮ್ಮನಿಗೆ ಫೋನ್ ಮಾಡಿ ನೀನೇ ಇದನ್ನ ಹೇಳು, ನಾನು ಹೇಳಿದ್ರೆ...

ಅಕ್ಕ: ಹೇಳ್ತೀನಿ. ಆದ್ರೆ ನನಗೆ ಒಂದು ಕೆಲಸ ಮಾಡಿಕೊಡಬೇಕು. ನಮ್ಮ ಬಿಲ್ಡಿಂಗಲ್ಲಿ ಮೂರನೇ ಮಹಡಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಹನ್ನೊಂದನೇ ಕ್ಲಾಸು. ಅವರಪ್ಪ ಟ್ಯಾಕ್ಸಿ ಓಡಿಸ್ತಾರೆ, ಅಮ್ಮ ಬೋನ್ ಸ್ಟ್ರೀಟಿನ ಕಡೆ ಅಡುಗೆಮನೆ ಕೆಲಸ. ಗಣಿತದಲ್ಲಿ ಆ ಹುಡುಗನ ಮುಂದೆ ಯಾರೂ ನಿಲ್ಲಲ್ಲ. ಕ್ವೀನ್ಸ್ ಕಾಲೇಜು ಅಂತ ಮನಸ್ಸಲ್ಲಿ ಆಗಲೇ ಗೆರೆ ಹಾಕ್ಕೊಂಡಿದ್ದಾನೆ. ಒಳ್ಳೆ ಕಾಲೇಜೇ. ಆದ್ರೆ ಪ್ರಿನ್ಸ್‌ಟನ್‌ಗೂ ಅರ್ಜಿ ಹಾಕಿ ನೋಡಲಿ. ನೂರಕ್ಕೆ ಐದು ಜನಕ್ಕೂ ಸಿಗಲ್ಲ, ಆದ್ರೆ ಸಿಕ್ಕಿದ್ರೆ ಅವನ ಮನೆಯವರು ಒಂದು ಡಾಲರೂ ಕಟ್ಟಬೇಕಿಲ್ಲ. ಕ್ವೆಸ್ಟ್‌ಬ್ರಿಜ್ ಅಂತ ಕಡಿಮೆ ಆದಾಯದವರಿಗೇ ಇರೋ ದಾರಿಯೂ ಇದೆ. ಪ್ರಿನ್ಸ್‌ಟನ್, ಕೊಲಂಬಿಯಾ ಎರಡೂ ಅದರಲ್ಲಿವೆ, ಅರ್ಜಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತೆ. ಫಾಫ್ಸಾ ತೆರೆಯೋದು ಅಕ್ಟೋಬರ್ 1ಕ್ಕೆ. ಎಲ್ಲ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು ಅಂತ 2011ರಿಂದ ಕಾನೂನಿದೆ, ಹತ್ತು ನಿಮಿಷದ ಕೆಲಸ. ಈ ಫಾರ್ಮು, ಪ್ರಬಂಧ, ಕೊನೇ ದಿನಾಂಕ ಎಲ್ಲಾ ನಿನಗೆ ಈಗ ಬಾಯಿಪಾಠ. ನಾಲ್ಕು ಭಾನುವಾರ ಆ ಹುಡುಗನ ಜೊತೆ ಕೂತ್ಕೋ. ಕನ್ಸಲ್ಟೆಂಟಿಗೆ ಕೊಟ್ಟ ದುಡ್ಡು ಅಷ್ಟಾದ್ರೂ ವಸೂಲಾಗಲಿ.